ತವರಮನಿ ಕಡೆ ತಿರುಗಿದ ಮೋಟಾರು

ಇಳಕಲ್ಲ
ತಾ. 11-6-1985

ಗುರುಲಿಂಗವ್ವ ಅಕ್ಕೋರಿಗೆ ಶಹರಬಾನು ಮಾಡುವ ಸಲಾಮು.

ಹೆಸರು ಕೇಳಿ ನೆನಪಾಗದಿದ್ದರೆ ನಾನೇ ಹೇಳುತ್ತೇನೆ. ಹತ್ತು ವರ್ಷದ ಹಿಂದೆ, 1975ರ ಡಿಸೆಂಬರಿನಲ್ಲಿ, ಬಾಗಲಕೋಟೆಯ ನಿಮ್ಮ ತರಬೇತಿ ಕೇಂದ್ರದಲ್ಲಿ ಮಹಿಳಾ ತಾಂತ್ರಿಕ ಶಿಬಿರ ಆಯಿತಲ್ಲ, ಅದಕ್ಕೆ ಬಂದ ಹನ್ನೊಂದು ಹುಡುಗಿಯರಲ್ಲಿ ಮೋಟಾರು ಸುತ್ತಿದವಳು ನಾನು. ನೇಕಾರ ಖಾದರಬಾಷಾನ ಮಗಳು. ಇಷ್ಟಕ್ಕೂ ನೆನಪಾಗದಿದ್ದರೆ ಮೋಟಾರು ಉಲ್ಟಾ ತಿರುಗಿದ ದಿನ ಎಲ್ಲರೂ ನಕ್ಕದ್ದಾದರೂ ನೆನಪಿರಬೇಕು. ಅದನ್ನು ಯಾರೂ ಮರೆತಿಲ್ಲ.

ಸಾಲಿ ಪುಸ್ತಕದ ಭಾಷೆಯಲ್ಲಿ ಬರೆಯಲು ನೋಡುತ್ತಿದ್ದೇನೆ. ಕಾಗದ ಬರೆಯುವಾಗ ಹಾಗೇ ಬರೆಯಬೇಕು ಅಂತ ನೀವೇ ಹೇಳಿದ್ದಿರಿ. ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದಿರಿ.

ನನ್ನ ತಂಗಿ ಸುಗರಾ ಈ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ತಾಯಿ ತೀರಿದ ಮೇಲೆ ನಾನೇ ಬೆಳೆಸಿದ ಹುಡುಗಿ. ಅವಳಿಗೂ ಮೋಟಾರು ಸುತ್ತುವ ವಿದ್ಯೆಯೇ ಬೇಕಂತೆ. ಹೋದ ವಾರ ಅವಳನ್ನು ಕರೆದುಕೊಂಡು ನಿಮ್ಮ ಆಫೀಸಿಗೆ ಬಂದಿದ್ದೆ. ನೀವು ರಜೆಯ ಮೇಲಿದ್ದಿರಿ. ಕ್ಲಾರ್ಕ ತಿಮ್ಮಣ್ಣನವರು ಅರ್ಜಿ ಕೊಡಲಿಲ್ಲ. "ಹೆಣ್ಣಮಕ್ಕಳಿಗೆ ಹೊಲಿಗಿ ವಿಭಾಗ ಐತೆವಾ, ಅದಕ್ಕ ಹಾಕ್ರಿ. ಮೋಟಾರ್ ಸುತ್ತೂದು ಹೆಂಗಸರ ಕೈಲೆ ಆಗೂದಿಲ್ಲಂತ ಫೈಲಿನ್ಯಾಗ ಬರದಾರ. ಹಿಂದ ಯಾವಾಕ್ಯೋ ಇಳಕಲ್ಲಿನಾಕಿ ಉಲ್ಟಾ ಸುತ್ತಿ ಇಟ್ಟಿದ್ಲಂತ" ಅಂದರು. ಆ ಯಾವಾಕಿ ಎದುರಿಗೇ ನಿಂತಿದ್ದಾಳೆ ಅಂತ ಅವರಿಗೆ ಗೊತ್ತಿರಲಿಲ್ಲ. ಸೆರಗು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಹೊರಗೆ ಬಂದೆ.

ಅಕ್ಕೋರ, ನನಗೆ ಒಂದೇ ಒಂದು ಗೊತ್ತಾಗಬೇಕು. ನಾನು ಎಲ್ಲಿ ತಪ್ಪಿದೆ? ಮೋಟಾರಿನ ಹೊಟ್ಟೆಯೊಳಗೆ ತಂತಿ ಕೂರಿಸುವ ಸೀಳು ಮೂವತ್ತಾರು. ಅದರಲ್ಲಿ ಯಾವ ಸೀಳಿನ ಸುತ್ತು ತಿರುವುಮುರುವಾಯಿತು? ಮನೆಯಲ್ಲಿ ಸುಗರಾಗೆ ನಾನೇ ಕಲಿಸುತ್ತಿದ್ದೇನೆ. ನನ್ನ ತಪ್ಪು ಅವಳ ಕೈಗೆ ಹೋಗಬಾರದು. ಅರ್ಜಿಗೆ ಆಗಸ್ಟ್ 31 ಕಡೆಯ ದಿನ.

ನಿಮ್ಮ ವಿದ್ಯಾರ್ಥಿನಿ, ಆರು ದಿನದ ಮಟ್ಟಿಗೆ,
ಶಹರಬಾನು


ಬಾಗಲಕೋಟೆ
ತಾ. 24-6-1985

ಚಿ. ಶಹರಬಾನುಗೆ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ನೆನಪಿಲ್ಲದೆ ಏನು? ಶಿಬಿರದಲ್ಲಿ ಎಲ್ಲರಿಗಿಂತ ಚುರುಕಿನವಳು ನೀನು. ನೀನೂ ಮನೆಯವರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ.

ಹಳೆಯದನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಯಂತ್ರವೆಂದ ಮೇಲೆ ಒಂದು ಹೆಚ್ಚು ಒಂದು ಕಡಿಮೆ ಆಗುವುದೇ. ಆರು ದಿನದ ಕಲಿಕೆಯಲ್ಲಿ ನೀನು ಮಾಡಿದ್ದೇ ದೊಡ್ಡದು. ಯಾವ ಸೀಳು, ಯಾವ ಸುತ್ತು ಎಂದು ಇಷ್ಟು ವರ್ಷದ ಮೇಲೆ ನಾನಾದರೂ ಹೇಗೆ ಹೇಳಲಿ?

ಸುಗರಾಳ ವಿಷಯ ಪ್ರಾಚಾರ್ಯ ಶಂಕ್ರಪ್ಪನವರ ಹತ್ತಿರ ಮಾತಾಡಿ ನೋಡುತ್ತೇನೆ. ಕಡತದಲ್ಲಿ ಬರೆದದ್ದನ್ನು ತೆಗೆಸುವುದು ಸುಲಭವಲ್ಲ. ಹೊಲಿಗೆ ವಿಭಾಗವೂ ಕೆಟ್ಟದ್ದೇನಲ್ಲ. ಹೆಣ್ಣುಮಗಳು ಹೊತ್ತು ಮುಳುಗುವ ಮೊದಲು ಮನೆ ಸೇರಬಹುದು.

ಮಹಿಳಾ ದಶಕ ಮುಗಿಯುತ್ತಿದೆಯೆಂದು ಆಗಸ್ಟ್ 25ಕ್ಕೆ ಬಾದಾಮಿಯಲ್ಲಿ ದೊಡ್ಡ ಮೇಳ ಇಟ್ಟಿದ್ದಾರೆ. ತಾಂತ್ರಿಕ ಕ್ಷೇತ್ರದ ಹೆಣ್ಣುಮಕ್ಕಳಿಗಾಗಿಯೇ. ಜಿಲ್ಲೆಯ ಮೊದಲ ವರ್ಕ್‌ಶಾಪ್ ಶಿಕ್ಷಕಿಯೆಂದು ನನಗೂ ಸನ್ಮಾನವಂತೆ. ಬೇಡವೆಂದರೂ ಬಿಡಲಿಲ್ಲ. ನೀನೂ ತಂಗಿಯನ್ನು ಕರೆದುಕೊಂಡು ಬಾ. ಅಂಥ ಕಡೆ ಬಂದರೆ ಹುಡುಗಿಯರಿಗೆ ಧೈರ್ಯ ಬರುತ್ತದೆ.

ಶುಭ ಕೋರುವ,
ಗುರುಲಿಂಗವ್ವ ಹಳ್ಳೂರ


ಇಳಕಲ್ಲ
ತಾ. 3-7-1985

ಅಕ್ಕೋರಿಗೆ ಸಲಾಮು.

ನಿಮ್ಮ ಕಾಗದ ಮೂರು ಸಲ ಓದಿದೆ. ಆಶೀರ್ವಾದ ಇತ್ತು, ಉತ್ತರ ಇರಲಿಲ್ಲ.

ನೀವು ಮರೆತಿರಬಹುದು, ನಾನು ಮರೆತಿಲ್ಲ. ಶಿಬಿರದ ಎರಡನೆಯ ದಿನ ನೀವು ಹಲಗೆಯ ಮೇಲೆ ಬರೆದ ಚಿತ್ರವನ್ನು ಸೀರೆಯ ನಕ್ಷೆ ತೆಗೆಯುವ ಚೌಕಳಿ ಕಾಗದಕ್ಕೆ ಇಳಿಸಿಕೊಂಡಿದ್ದೆ. ಇನ್ನೂ ಟ್ರಂಕಿನಲ್ಲಿದೆ. ಮಡಿಕೆ ಹರಿದಲ್ಲಿ ಗಂಜಿ ಹಚ್ಚಿ ಅಂಟಿಸಿದ್ದೇನೆ. ನಿಮ್ಮ ಪತ್ರ ಬಂದ ಮೇಲೆ ಮತ್ತೆ ಹರವಿಕೊಂಡು ಕೂತೆ. ಒಂದೊಂದು ಸೀಳಿಗೂ ನಲವತ್ತಾರು ಸುತ್ತು, ಎಲ್ಲಿ ಒಳಗೆ, ಎಲ್ಲಿ ಹೊರಗೆ, ಬೆರಳಿಟ್ಟು ನೋಡಿದೆ. ತಪ್ಪು ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು. ಕಳ್ಳ ಸಿಕ್ಕರೆ ಬೈಯಬಹುದು, ಕಳ್ಳನೇ ಇಲ್ಲದ ಮನೆಯಲ್ಲಿ ದಿನಾ ಕದ ಹಾಕಿಕೊಂಡು ಕೂರುವುದು ಹೇಗೆ?

ಆ ದಿನ ನಾನು ಬಟನ್ ಒತ್ತಿದೆ. ಮೋಟಾರು ತಿರುಗಿತು, ನೀರು ಬರಲಿಲ್ಲ. ಪಂಪು ಕೆಮ್ಮಿ ಕೆಮ್ಮಿ ಒಂದು ಬೊಗಸೆ ಉಗುಳಿತು. ವಿಜಾಪುರದಿಂದ ಬಂದಿದ್ದ ದೊಡ್ಡ ಅತಿಥಿ ಬಗ್ಗಿ ನೋಡಿ, "ಏ, ಇದು ಉಲ್ಟಾ ತಿರುಗಾಕತ್ತೈತಿ! ಹೆಣ್ಣಮಗಳು ಸುತ್ತಿದ ಮೋಟಾರಲ್ಲೇನು, ತವರಮನಿ ಕಡೆ ತಿರುಗೇತಿ ನೋಡ್ರಿ!" ಅಂದರು. ಶಾಮಿಯಾನಾ ಕಿತ್ತು ಹೋಗುವಂತೆ ನಕ್ಕರು. ನನ್ನ ಜೊತೆ ಬಂದಿದ್ದ ಹುಡುಗಿಯರೂ ನಕ್ಕರು. ನೀವು ನಗಲಿಲ್ಲ, ಅದು ನೆನಪಿದೆ. ನೀವು ನೆಲ ನೋಡುತ್ತಿದ್ದಿರಿ. ಪಾಪ ಅಕ್ಕೋರಿಗೆ ನನ್ನಿಂದ ಅಪಮಾನ ಆಯಿತಲ್ಲ ಅಂತ ನನಗೆ ಅಳು ಬಂತು.

ಆ ಮಾತು ನನಗಿಂತ ಮೊದಲು ಬಸ್ಸು ಹತ್ತಿ ಇಳಕಲ್ಲಿಗೆ ಬಂದಿತ್ತು. ನನಗೆ 'ತವರಮನಿ ಮೋಟಾರು' ಅಂತಲೇ ಹೆಸರು ಬಿತ್ತು. ಮದುವೆಯ ದಿನ ಮೈದುನಂದಿರು ಅದನ್ನೇ ಹೇಳಿ ಕಾಡಿದರು. ನನ್ನ ಗಂಡ ಜಹಾಂಗೀರ ಒಳ್ಳೆಯವರು, ಸಿಟ್ಟು ಬಂದಾಗ ಮಾತ್ರ ಅನ್ನುತ್ತಾರೆ. ನಾನೂ ನಕ್ಕು ಬಿಡುತ್ತೇನೆ. ಯಾರನ್ನಾದರೂ ಕೇಳಿ ತಿಳಿದುಕೊಳ್ಳೋಣ ಅಂದರೆ ಮೊದಲು ನಗುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ನಗು ಹೋಗಲಿ. ಕೈಯ ವಿಷಯ ಹೇಳುತ್ತೇನೆ. ಏಳು ವರ್ಷದವಳಿಂದ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದ ಕೈ ಇದು. ಆ ಶಿಬಿರಕ್ಕೆ ಬರುವ ತನಕ ಒಮ್ಮೆಯೂ ಎಣಿಸಿದವಳಲ್ಲ, ಕೈಗೆ ತಾನೇ ಗೊತ್ತಿತ್ತು. ಆವತ್ತಿನಿಂದ ಎಣಿಸುತ್ತೇನೆ. ಸುತ್ತಿದ್ದನ್ನು ಬಿಚ್ಚಿ ಮತ್ತೆ ಎಣಿಸುತ್ತೇನೆ. ಬೇರೆಯವರು ನಾಲ್ಕು ಸುತ್ತುವ ಹೊತ್ತಿಗೆ ನನ್ನದು ಎರಡು. ಹತ್ತು ವರ್ಷದಿಂದ ನನ್ನ ಕೈ ನನಗೇ ನಂಬಿಕೆ ಇಲ್ಲ.

ಹೊಲಿಗೆಯ ಮಾತು ಸುಗರಾಗೆ ಹೇಳಲಿಲ್ಲ. ಹೊಲಿಗೆ ಕೆಟ್ಟದ್ದಲ್ಲ, ನನಗೂ ಗೊತ್ತು. ಅವಳು ಕೇಳಿದ್ದು ಅದಲ್ಲ.

ನಿಮ್ಮ ಹತ್ತಿರ ಆವತ್ತಿನ ವರದಿ ಇದ್ದೀತು. ನೋಡಿ ಹೇಳಿರಿ. ಯಾವ ಸೀಳು?

ಶಹರಬಾನು


ಬಾಗಲಕೋಟೆ
ತಾ. 22-7-1985

ಶಹರಬಾನು,

ಆಶೀರ್ವಾದ ಬರೆಯಲು ಕೈ ಏಳುತ್ತಿಲ್ಲ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ನಾಳೆ ಬೆಳಿಗ್ಗೆ ಓದಿ ನೋಡಿದರೆ ಇದನ್ನೂ ಹರಿಯುತ್ತೇನೆ, ಅದಕ್ಕೆ ಬರೆದ ಕೂಡಲೇ ಡಬ್ಬಿಗೆ ಹಾಕುತ್ತೇನೆ.

ಯಾವ ಸೀಳೂ ಅಲ್ಲ. ನಿನ್ನ ಸುತ್ತು ಸರಿ ಇತ್ತು. ಮೂವತ್ತಾರಕ್ಕೆ ಮೂವತ್ತಾರೂ ಸರಿ ಇದ್ದವು. ತಪ್ಪಿದವಳು ನಾನು.

ಕೇಳು. ಆ ಮೋಟಾರಿಗೆ ಹೊರಗಿನಿಂದ ಕರೆಂಟು ತರುವ ವೈರು ಮೂರು: ಕೆಂಪು, ಹಳದಿ, ನೀಲಿ. ಯಾವ ಎರಡನ್ನು ಅದಲುಬದಲು ಮಾಡಿ ಕೂಡಿಸಿದರೂ ಮೋಟಾರು ಉಲ್ಟಾ ತಿರುಗುತ್ತದೆ. ಇಷ್ಟೇ. ಇದು ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಪಾಠ. ನಿಮಗೆ ಈ ಪಾಠ ಏಳನೆಯ ದಿನಕ್ಕೆ ಇಟ್ಟಿದ್ದೆ. ಏಳನೆಯ ದಿನ ಭಾಷಣಗಳಾದವು, ಪಾಠ ಆಗಲಿಲ್ಲ. ಅದಕ್ಕೇ ನಿನಗೆ ಈ ಹತ್ತು ವರ್ಷ ತಿಳಿಯದೇ ಉಳಿಯಿತು.

ಆರನೆಯ ದಿನ ನೀವೆಲ್ಲ ಊಟಕ್ಕೆ ಹೋದಾಗ ನಾನೂ ನಮ್ಮ ವೈರಮನ್ ಹುಲ್ಲಪ್ಪನೂ ಮೋಟಾರು ಹಚ್ಚಿ ನೋಡಿದೆವು. ಸರಿಯಾಗಿ ತಿರುಗಿ ಬಾವಿಯ ನೀರು ಧೋ ಎಂದು ಬಂತು. ನಿನಗೆ ಬೇಕೆಂದೇ ಹೇಳಲಿಲ್ಲ. ಎಲ್ಲರೆದುರು ನೀನೇ ಬಟನ್ ಒತ್ತಿ ನೀರು ಬಂದಾಗ ನಿನ್ನ ಮುಖ ನೋಡಬೇಕೆಂದು ಆಸೆಯಿತ್ತು. ಮರುದಿನ ಅತಿಥಿಗಳು ಬರುವ ಹೊತ್ತಿಗೆ ಫೋಟೋದವನು, ಮೋಟಾರು ಈ ಕಡೆ ಇದ್ದರೆ ಹಿಂದಿನ ಬ್ಯಾನರು ಬರುವುದಿಲ್ಲ, ಆ ಕಡೆ ಸರಿಸಿರಿ ಅಂದ. ಸರಿಸಿದೆವು. ವೈರು ಬಿಚ್ಚಿ ಮತ್ತೆ ಕೂಡಿಸಬೇಕಾಯಿತು. ಹುಲ್ಲಪ್ಪ ಹಾರ ತರಲು ಹೋಗಿದ್ದ. ನಾನೇ ಕೂಡಿಸಿದೆ. ಗಡಿಬಿಡಿಯಲ್ಲಿ ಕೆಂಪಿನ ಜಾಗಕ್ಕೆ ಹಳದಿ ಹೋಯಿತು.

ಉಲ್ಟಾ ತಿರುಗಿದ ಕೂಡಲೇ ನನಗೆ ಗೊತ್ತಾಯಿತು. ಅತಿಥಿಯ ಮಾತು ಇನ್ನೂ ಮುಗಿದಿರಲಿಲ್ಲ, ಆಗಲೇ ಗೊತ್ತಾಗಿತ್ತು. ಒಂದು ಸ್ಪ್ಯಾನರು, ಎರಡು ನಿಮಿಷದ ಕೆಲಸ. "ತಪ್ಪು ನಂದು, ತಡೀರಿ" ಅಂದಿದ್ದರೆ ಮುಗಿಯುತ್ತಿತ್ತು. ನಾನು ನೆಲ ನೋಡಿದೆ. ನಿನ್ನಿಂದ ನನಗೆ ಅಪಮಾನವಾಯಿತೆಂದು ನಿನಗೆ ಅಳು ಬಂದಿತ್ತಂತೆ. ಅದನ್ನು ಓದಿ ನನಗೆ ಎಲ್ಲಿ ಮುಖ ಇಡಲೆಂದು ತಿಳಿಯಲಿಲ್ಲ.

ಯಾಕೆ ಸುಮ್ಮನಿದ್ದೆ ಅಂದರೆ, ನನ್ನ ನೌಕರಿ ಆಗ ಖಾಯಂ ಆಗಿರಲಿಲ್ಲ. ಜನವರಿಯಲ್ಲಿ ಆಗುವುದಿತ್ತು. ವರ್ಕ್‌ಶಾಪಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. "ಸೀರಿ ಉಟ್ಟಾಕಿಗೆ ಮೂರು ಫೇಜ್ ತಿಳೀತಾವೇನ್ರಿ" ಎಂದು ನನ್ನ ಬೆನ್ನ ಹಿಂದಲ್ಲ, ಮುಂದೆಯೇ ಆಡುತ್ತಿದ್ದರು. ಕೆಂಪು ಹಳದಿ ತಿಳಿಯದ ಶಿಕ್ಷಕಿಯೆಂದು ಅಷ್ಟು ಜನರ ಮುಂದೆ ಅನ್ನಿಸಿಕೊಳ್ಳುವುದು ನನ್ನಿಂದ ಸಾಧ್ಯವಾಗಲಿಲ್ಲ. ಹುಡುಗಿ ನಾಳೆ ತನ್ನ ಊರಿಗೆ ಹೋಗುತ್ತಾಳೆ, ಮರೆಯುತ್ತಾಳೆ ಅಂದುಕೊಂಡೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಹಾಕಿದ ಕೈ ನನ್ನದು.

ಅಲ್ಲಿಗೇ ನಿಂತಿದ್ದರೂ ಒಂದು ಮಾತು. ಮರುವಾರ ಆಗಿನ ಪ್ರಾಚಾರ್ಯ ಅಂದಪ್ಪನವರು ವರದಿ ಕೇಳಿದರು. 'ಶಿಬಿರಾರ್ಥಿಯ ಸುತ್ತಿನಲ್ಲಿ ದೋಷ ಕಂಡುಬಂತು' ಎಂದು ಬರೆದವಳು ನಾನು. ಅದರ ಕೆಳಗೆ, 'ಈ ವೃತ್ತಿ ಮಹಿಳೆಯರಿಗೆ ಸೂಕ್ತವಲ್ಲ' ಎಂದು ಅವರು ಹೇಳಿ ಬರೆಸಿದರು. ಸಹಿ ನನ್ನದು. ಹೆಣ್ಣುಮಕ್ಕಳಿಗೆಂದು ಬರಬೇಕಾಗಿದ್ದ ನಾಲ್ಕು ಸೀಟು ಆ ಸಹಿಯ ಮೇಲೆ ಹೋದವು. ನಾನು ಖಾಯಂ ಆದೆ.

ಇನ್ನೊಂದು ಹೇಳದಿದ್ದರೆ ಈ ಪತ್ರವೂ ಅರ್ಧ ಸುಳ್ಳು. ಆ ಸಂಜೆಯೇ ಹುಲ್ಲಪ್ಪ ವೈರು ಬದಲಿಸಿದ. ನನ್ನ ಮುಖ ನೋಡಿ, "ಅಕ್ಕೋರ, ಬರೇ ಎರಡು ವೈರಿಂದು ಇದು" ಅಂದ. "ಈಗ ಬಿಡು ಹುಲ್ಲಪ್ಪ" ಅಂದೆ. ಹುಲ್ಲಪ್ಪ ರಿಪೇರಿ ಮಾಡಿದನೆಂದು ಎಲ್ಲರೂ ತಿಳಿದರು, ನಾನು ತಿಳಿಯಲು ಬಿಟ್ಟೆ. ನೀನು ಸುತ್ತಿದ ಆ ಮೋಟಾರು ಹತ್ತು ವರ್ಷದಿಂದ ನಮ್ಮ ಬಾವಿಯ ಮೇಲೆ ಇದೆ. ಒಮ್ಮೆಯೂ ಸುಟ್ಟಿಲ್ಲ. ನಾನು ದಿನಾ ಕುಡಿಯುವ ನೀರು ಅದು ಎತ್ತಿದ್ದು. ಹೋದ ವರ್ಷ ಹುಲ್ಲಪ್ಪ ನಿವೃತ್ತನಾದ. ಹೋಗುವಾಗ, "ಆ ಹುಡುಗಿಗೆ ಒಂದು ಕಾಗದ ಬರೀರಿ" ಅಂದ. ಬರೆಯಲಿಲ್ಲ. ಆಲಮಟ್ಟಿ ನೀರು ಬಂದು ಹಳೆ ಊರು ಮುಳುಗುತ್ತದೆಂದು ಇಲ್ಲಿ ಎಲ್ಲರೂ ಗೋಳಾಡುವಾಗ, ಕಡತಗಳೂ ಮುಳುಗಲಿ ಎಂದು ಒಳಗೊಳಗೇ ಬಯಸಿದವಳು ನಾನು.

ಜೂನಿನಲ್ಲಿ ನೀನು ಬರೀ ಯಾವ ಸೀಳು ಎಂದು ಕೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನಿನ್ನ ತಂಗಿಯನ್ನು ಹೊಲಿಗೆಗೆ ಕಳಿಸಲು ನೋಡಿದೆ. ನಾಚಿಕೆಯಾಗುತ್ತದೆ, ಶಹರಬಾನು. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಗುರುಲಿಂಗವ್ವ


ಬಾಗಲಕೋಟೆ
ತಾ. 9-8-1985

ಶಹರಬಾನು,

ನಿನ್ನಿಂದ ಉತ್ತರವಿಲ್ಲ. ಬರಲೇಬೇಕೆಂದೂ ಇಲ್ಲ. ಆದರೆ ನಡೆದದ್ದನ್ನು ತಿಳಿಸಬೇಕು.

ಹೋದ ಸೋಮವಾರ ಶಂಕ್ರಪ್ಪನವರಿಗೆ ಲಿಖಿತ ಹೇಳಿಕೆ ಕೊಟ್ಟೆ. 1975ರ ವರದಿ ಸುಳ್ಳು, ದೋಷ ನನ್ನ ಜೋಡಣೆಯದು, ಆ ವರದಿಯ ಆಧಾರದ ಮೇಲೆ ಹೆಣ್ಣುಮಕ್ಕಳ ಅರ್ಜಿ ನಿರಾಕರಿಸಬಾರದು ಎಂದು ಬರೆದೆ. ಅವರು ಓದಿ ಕನ್ನಡಕ ತೆಗೆದಿಟ್ಟರು. "ಯಾಕ ಕೆದಕ್ತೀರಿ ಅಕ್ಕೋರ? ಹತ್ತು ವರ್ಷದ ಬೂದಿ. ಬಾದಾಮ್ಯಾಗ ಶಾಲು ಹೊದಿಸ್ತಾರ, ಸುಮ್ನ ಹೊದ್ಕೊಂಡು ಬರ್ರಿ. ಮೇಳ ನಡಿಯೂದಽ ನಿಮ್ಮಂಥವರಿಂದ ನಾಕು ಮಂದಿ ಹುಡಿಗ್ಯಾರು ಮುಂದ ಬರ್ಲಿ ಅಂತ" ಅಂದರು. ಶಿಬಿರಕ್ಕೆಂದು ಮುಂದೆ ಬಂದ ಹುಡುಗಿಯನ್ನೇ ನಾನು ಹಿಂದಕ್ಕೆ ತಳ್ಳಿದ್ದು, ಅದೇ ಅದರಲ್ಲಿ ಬರೆದಿದ್ದೇನೆ ಅಂದೆ. ಹೇಳಿಕೆ ವಾಪಸು ತೆಗೆದುಕೊಳ್ಳಲು ಎರಡು ದಿನ ಕೊಟ್ಟರು. ತೆಗೆದುಕೊಳ್ಳಲಿಲ್ಲ. ಮೇಲಿನ ಆಫೀಸಿಗೆ ಕಳಿಸಿದ್ದಾರೆ.

ಸುಗರಾಳ ಅರ್ಜಿ ಇದರ ಜೊತೆಗಿದೆ. ತಿಮ್ಮಣ್ಣನಿಂದ ನಾನೇ ಇಸಿದುಕೊಂಡೆ. ತುಂಬಿ ಕಳಿಸಿರಿ. ಇದು ಉಪಕಾರವೆಂದು ತಿಳಿಯಬೇಡಿ.

ಬಾದಾಮಿಗೆ ನಾನು ಹೋಗುತ್ತೇನೆ. ಶಾಲಿಗಾಗಿ ಅಲ್ಲ. ಒಂದು ಮೋಟಾರು ಬೇಕೆಂದು ಕೇಳಿದ್ದೇನೆ. ನೀನು ಬಂದರೆ ಒಳ್ಳೆಯದು. ಬಾರದಿದ್ದರೆ ಅದೂ ನ್ಯಾಯ.

ಗುರುಲಿಂಗವ್ವ


ಇಳಕಲ್ಲ
ತಾ. 17-8-1985

ಗುರುಲಿಂಗವ್ವ ಅಕ್ಕೋರಿಗೆ ಸುಗರಾ ಮಾಡುವ ಸಲಾಮು.

ಅರ್ಜಿ ತುಂಬಿ ಇದರೊಳಗೆ ಇಟ್ಟಿದ್ದೇನೆ. ಫೋಟೋ ಹುನಗುಂದದಲ್ಲಿ ತೆಗೆಸಿದ್ದು, ಮುಖ ಕಪ್ಪು ಬಂದಿದೆ, ಆದರೆ ನಾನೇ.

ನಿಮಗೆ ಬರೆ ಅಂತ ಅಕ್ಕ ಹೇಳಿಲ್ಲ. ಬರೆಯಬೇಡ ಅಂತಲೂ ಹೇಳಿಲ್ಲ. ನಿಮ್ಮ ದೊಡ್ಡ ಕಾಗದ ಬಂದ ದಿನ ಅಕ್ಕ ಅದನ್ನು ಓದಿ, ಮಡಚಿ, ಚೌಕಳಿ ಚಿತ್ರದ ಮೇಲಿಟ್ಟು ಟ್ರಂಕು ಹಾಕಿದಳು. ಮೂರು ದಿನ ಮಗ್ಗದ ಕಡೆ ಹೋಗಲಿಲ್ಲ. ಭಾವ ಹೆದರಿ, "ದವಾಖಾನಿಗೆ ಹೋಗೂಣೇನು" ಅಂದರು. ನಾಲ್ಕನೆಯ ದಿನ ಕಂಡಿಕೆ ಸುತ್ತಲು ಕೂತಳು.

ನಾನು ಪಕ್ಕದಲ್ಲೇ ಇದ್ದೆ. ಅಕ್ಕ ಸುತ್ತುವಾಗ ತುಟಿ ಅಲುಗಾಡುವುದು ನನಗೆ ಚಿಕ್ಕಂದಿನಿಂದ ಗೊತ್ತು. ದುವಾ ಓದುತ್ತಾಳೆ ಅಂದುಕೊಂಡಿದ್ದೆ. ಎಣಿಸುತ್ತಿದ್ದಳು ಅಂತ ಅವಳು ನಿಮಗೆ ಬರೆದ ಕಾಗದವನ್ನೂ ಆಮೇಲೆ ನಿಮ್ಮದನ್ನೂ ಕದ್ದು ಓದಿದ ಮೇಲೆ ತಿಳಿಯಿತು. ಆ ದಿನ ಅವಳ ತುಟಿ ಅಲುಗಾಡಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ ಅಕ್ಕೋರ. ನಿಮ್ಮ ಹತ್ತಿರವೇ ಕಲಿಯಬೇಕು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಸುಗರಾ


ಬಾಗಲಕೋಟೆ
ತಾ. 28-8-1985

ಶಹರಬಾನು,

ಬಾದಾಮಿಯ ಮೇಳ ಮುಗಿಯಿತು. ನೀನು ಬರಲಿಲ್ಲ. ಬಂದಿದ್ದೀಯೇನೋ ಎಂದು ಹಿಂದಿನ ಸಾಲಿನ ತನಕ ನೋಡಿದೆ.

ಶಾಲೆಯ ಮೈದಾನದಲ್ಲಿ ಪೆಂಡಾಲು. ಇನ್ನೂರು ಹುಡುಗಿಯರಿರಬೇಕು, ಎಲ್ಲರಿಗೂ ಕಾಗದದ ಹೂ. ಪಂಪು, ರೇಡಿಯೋ, ಹೊಲಿಗೆ ಯಂತ್ರ ಸಾಲಾಗಿ ಇಟ್ಟಿದ್ದರು. ರೇಡಿಯೋದ ಮುಂದೆ ಒಂದು ಹುಡುಗಿ ಹಿಂಬದಿ ಬಿಚ್ಚಿ ನೋಡಲೇ ಎಂದು ಕೇಳಿದಳು, ಮುಟ್ಟಬೇಡವೆಂದು ಗದರಿಸಿದರು.

ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ. ಮೋಟಾರು ಹಚ್ಚಿದೆ, ಉಲ್ಟಾ ತಿರುಗಿತು. ಬೇಕೆಂದೇ ಹಾಗೆ ಕೂಡಿಸಿದ್ದೆ. ಜನ ನಕ್ಕರು. ಅದೇ ನಗು, ಶಹರಬಾನು. ಹತ್ತು ವರ್ಷದಲ್ಲಿ ಒಂದಿಷ್ಟೂ ಬದಲಾಗಿಲ್ಲ. ಆಮೇಲೆ ಎರಡು ವೈರು ಬಿಚ್ಚಿ ಬದಲಿಸಿದೆ, ಸರಿಯಾಗಿ ತಿರುಗಿತು. ಹತ್ತು ವರ್ಷದ ಹಿಂದೆ ಈ ತಪ್ಪು ಮಾಡಿದವಳು ನಾನು, ಇಳಕಲ್ಲಿನ ಶಹರಬಾನು ಎಂಬ ಹುಡುಗಿಯ ತಲೆಗೆ ಕಟ್ಟಿದವಳೂ ನಾನು, ಸುಳ್ಳು ವರದಿಗೆ ಸಹಿ ಹಾಕಿ ನೌಕರಿ ಉಳಿಸಿಕೊಂಡೆ ಎಂದು ಹೇಳಿದೆ. ಪೂರಾ ಹೇಳಿದೆ.

ಏನಾಯಿತು ಗೊತ್ತೇ? ಚಪ್ಪಾಳೆ ಹೊಡೆದರು. ಎದ್ದು ನಿಂತು ಹೊಡೆದರು. "ಎಂಥಾ ದೊಡ್ಡ ಮನಸ್ಸು ನೋಡ್ರಿ ಅಕ್ಕೋರದು! ತಪ್ಪು ಒಪ್ಕೊಳ್ಳಾಕ ಗುಂಡಗಿ ಬೇಕಾಗ್ತದ" ಎಂದು ಅಧ್ಯಕ್ಷರು ಶಾಲು ಹೊದಿಸಿದರು. ಬೇಡ ಬೇಡ ಎಂದರೆ ಅದನ್ನೂ ವಿನಯವೆಂದುಕೊಂಡರು. ನಿನ್ನ ಹೆಸರು ಯಾರೂ ಇನ್ನೊಮ್ಮೆ ಎತ್ತಲಿಲ್ಲ. ಆ ಹುಡುಗಿ ಈಗ ಏನು ಮಾಡುತ್ತಾಳೆ ಎಂದು ಇನ್ನೂರು ಜನರಲ್ಲಿ ಒಬ್ಬರೂ ಕೇಳಲಿಲ್ಲ. ನಿನ್ನನ್ನು ಹಿಂದಕ್ಕೆ ತಳ್ಳಿದ್ದಕ್ಕೆ ಖಾಯಂ ಆದೆ, ಅದನ್ನು ಹೇಳಿದ್ದಕ್ಕೆ ಶಾಲು ಬಂತು. ಎರಡೂ ಸಲ ಲಾಭ ನನಗೇ. ರೈಲಿನಲ್ಲಿ ಬರುವಾಗ ಆ ಶಾಲು ಮೈಮೇಲೆ ಇಟ್ಟುಕೊಳ್ಳಲಾಗದೆ ಸೀಟಿನ ಕೆಳಗೆ ಇಟ್ಟೆ.

ಮೇಲಿನ ಆಫೀಸಿನಿಂದ ವಿವರಣೆ ಕೇಳಿ ಮೆಮೊ ಬಂದಿದೆ. ಬಡ್ತಿ ನಿಲ್ಲಬಹುದು. ಅದು ಬಂದ ದಿನ ಮಾತ್ರ ಸ್ವಲ್ಪ ಹಗುರಾಯಿತು. ವರದಿ ರದ್ದಾಗಿದೆ. ಮೋಟಾರು ವಿಭಾಗಕ್ಕೆ ಸುಗರಾಳ ಅರ್ಜಿ ಒಪ್ಪಿದ್ದಾರೆ. ಸೆಪ್ಟೆಂಬರ್ 16ಕ್ಕೆ ಬರಬೇಕು. ಹುಡುಗಿ ಅವಳೊಬ್ಬಳೇ. ನಿನಗೂ ಕೇಳಿ ನೋಡಿದೆ, ವಯಸ್ಸಿನ ಮಿತಿ ದಾಟಿದೆಯಂತೆ.

ಶಾಲನ್ನು ಪಾರ್ಸೆಲ್ ಮಾಡಿ ಕಳಿಸಿದ್ದೇನೆ. ಅದು ನಿನ್ನದು.

ಗುರುಲಿಂಗವ್ವ


ಇಳಕಲ್ಲ
ತಾ. 22-9-1985

ಅಕ್ಕೋರಿಗೆ ಸಲಾಮು.

ಶಾಲು ವಾಪಸು ಕಳಿಸುತ್ತಿದ್ದೇನೆ. ಮಿಲ್ಲಿನ ಮಾಲು. ನೇಕಾರರ ಮನೆಗೆ ಯಾರಾದರೂ ಮಿಲ್ಲಿನ ಶಾಲು ಕಳಿಸುತ್ತಾರೇನ್ರಿ? ಅದು ಇರುವುದಾದರೆ ನಿಮ್ಮ ಹತ್ತಿರವೇ ಇರಲಿ. ಕಣ್ಣಿಗೆ ಬೀಳುವ ಕಡೆ ಇಡಿರಿ.

ಬಾದಾಮಿಗೆ ನಾನು ಬೇಕೆಂದೇ ಬರಲಿಲ್ಲ. ಒಮ್ಮೆ ಅವರ ನಗುವಿಗೆ ನಿಂತಿದ್ದೆ, ಇನ್ನೊಮ್ಮೆ ಚಪ್ಪಾಳೆಗೆ ನಿಲ್ಲಲು ಮನಸ್ಸಾಗಲಿಲ್ಲ. ಹಾಗಂತ ಮೇಳ ಬೇಡ, ಶಿಬಿರ ಬೇಡ ಅಂತ ನಾನು ಅನ್ನುವುದಿಲ್ಲ. ಆ ಆರು ದಿನ ಇಲ್ಲದಿದ್ದರೆ ಮೋಟಾರಿನ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟು ಖುಷಿಯಾಗಿ ನಾನು ಮದುವೆಯಲ್ಲೂ ಇರಲಿಲ್ಲ, ಇದನ್ನು ಜಹಾಂಗೀರರಿಗೆ ಹೇಳಬೇಡಿರಿ. ಆರು ದಿನ ನಮ್ಮವು, ಏಳನೆಯದು ಅತಿಥಿಗಳದ್ದು. ಕರೆದು ಒಳಗೆಲ್ಲ ತೋರಿಸಿ, ಆಮೇಲೆ ಕದ ಹಾಕಿಕೊಂಡಿರಿ. ತೋರಿಸದೇ ಇದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

16ನೇ ತಾರೀಖು ಸುಗರಾನ ಕರೆದುಕೊಂಡು ಬಂದಿದ್ದೆ. ತಿಮ್ಮಣ್ಣನವರು ಕುರ್ಚಿ ಹಾಕಿದರು, ಚಹಾ ತರಿಸಿದರು, ಮುಖ ಮಾತ್ರ ನೋಡಲಿಲ್ಲ. ಅಕ್ಕೋರು ಎಲ್ಲಿ ಅಂದರೆ, "ಇಲ್ಲೇ ಎಲ್ಲೋ ಅದಾರ" ಅಂದರು. ಸ್ಟೋರ್ ರೂಮಿನ ಬಾಗಿಲ ಮುಂದೆ ನಿಮ್ಮ ಚಪ್ಪಲಿ ಇದ್ದವು. ಎಡ ಚಪ್ಪಲಿಯ ಹೆಬ್ಬೆರಳ ಉಂಗುಷ್ಟಕ್ಕೆ ಕೆಂಪು ದಾರ ಕಟ್ಟಿ ಹೊಲಿದದ್ದು, ಹತ್ತು ವರ್ಷದ ಹಿಂದೆಯೂ ನೀವು ಹಾಗೇ ಹೊಲಿದುಕೊಳ್ಳುತ್ತಿದ್ದಿರಿ. ಬಾಗಿಲು ಒಳಗಿನಿಂದ ಹಾಕಿತ್ತು. ಸುಗರಾ ಬಡಿಯಲು ಹೋದಳು, ನಾನೇ ಕೈ ಹಿಡಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ನಿಮಗೂ ನನ್ನ ಬಳೆ ಸದ್ದು ಕೇಳಿರಬೇಕು.

ಆಮೇಲೆ ಬಾವಿಯ ಹತ್ತಿರ ಹೋದೆವು. ಮೋಟಾರಿನ ಬಣ್ಣ ಹೋಗಿದೆ, ಮೇಲೆ ಹಕ್ಕಿ ಹಿಕ್ಕೆ ಹಾಕಿವೆ. ತಿರುಗುತ್ತಿತ್ತು. ಮೈ ಮೇಲೆ ಕೈ ಇಟ್ಟೆ, ಬಿಸಿ ಇತ್ತು, ಒಂದೇ ಸಮ ನಡುಗುತ್ತಿತ್ತು. ಎಷ್ಟು ಹೊತ್ತು ಇಟ್ಟಿದ್ದೆನೋ, ಸುಗರಾ ಕರೆದ ಮೇಲೆ ತೆಗೆದೆ. ನೀರು ಕುಡಿದೆ. ಸ್ವಲ್ಪ ಸವಳು. ಅದಕ್ಕೆ ನನ್ನ ಸುತ್ತು ಕಾರಣ ಅಂತ ಯಾರೂ ಬರೆದಿಲ್ಲವಲ್ಲ?

ಕ್ಷಮೆಯ ಮಾತು. ನೀವು ಕೇಳಲಿಲ್ಲ, ಒಳ್ಳೆಯದೇ ಮಾಡಿದಿರಿ. ಬರೆಯಲು ಕೂತರೆ ಕೈ ಬರುತ್ತಿಲ್ಲ. ಹತ್ತು ವರ್ಷ ನನ್ನ ಕೈಯನ್ನು ನಾನೇ ಬೈದಿದ್ದೇನೆ, ಈಗ ಅದಕ್ಕೆ ಇಷ್ಟು ಬೇಗ ಸುಳ್ಳು ಬರೆ ಅಂತ ಹೇಳಲಾರೆ. ಮುಂದೆ ಯಾವಾಗಲಾದರೂ ಬಂದರೆ ಬರಲಿ.

ಒಂದೇ ಕೆಲಸ ಕೇಳುತ್ತೇನೆ. ಸುಗರಾಗೆ ಆ ಏಳನೆಯ ದಿನದ ಪಾಠ ಮೊದಲ ದಿನವೇ ಮಾಡಿರಿ.

ಅವಳನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ ನಮ್ಮ ಕಸುಬಿನ ಒಂದು ಮಾತು ಹೇಳಿ ಬಂದಿದ್ದೇನೆ. ನಮ್ಮ ಸೀರೆಯಲ್ಲಿ ಮೈಯ ಉದ್ದೆಳೆಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಸೆರಗು ಬಿಚ್ಚಿಕೊಂಡರೆ ನೂಲು ಸುತ್ತಿದವಳನ್ನು ಯಾರೂ ಬೈಯುವುದಿಲ್ಲ, ಕೊಂಡಿ ಹಾಕಿದವರನ್ನು ಕರೆದು ಕೇಳುತ್ತಾರೆ. ಇಷ್ಟು ನನಗೆ ಹುಟ್ಟಿನಿಂದ ಗೊತ್ತಿತ್ತು, ನಿಮ್ಮ ಶಾಮಿಯಾನಾದೊಳಗೆ ಬಂದು ಮರೆತುಬಿಟ್ಟೆ. ಅದಕ್ಕೆ ಅವಳಿಗೆ ಅಂದೆ: "ಯಾರರ ನಕ್ಕರ ಮೊದಲ ಕೊಂಡಿ ನೋಡು ಸುಗರಾ, ಆಮ್ಯಾಲೆ ನಿನ್ನ ಕೈ ನೋಡ್ಕೋ."

ಶಹರಬಾನು